ಮೀನಿನ ಪ್ರಾಪರ್ಟಿ ಒಳಗೆ ಫಂಕ್ಷನ್ ಉಂಟು, ಕರೆದರೆ ಪಿಎಚ್‌ಪಿ ಇಲ್ಲ ಅನ್ನುತ್ತದೆ

ಬೂತಾಯಿ_ಬೈಟ್ (ಮಲ್ಪೆ) | ಜುಲೈ 24, ರಾತ್ರಿ 11.40

ನಮಸ್ಕಾರ. ಮೂರು ರಾತ್ರಿಯಿಂದ ಒಂದೇ ಲೈನಿನ ಮುಂದೆ ಕೂತಿದ್ದೇನೆ. ಹುಡುಕಿದರೆ ಉತ್ತರ ಸಿಗುವುದಿಲ್ಲ ಅಂತಲ್ಲ, ಆದರೆ ಯಾಕೆ ಹಾಗೆ ಅಂತ ತಲೆಗೆ ಹತ್ತುತ್ತಿಲ್ಲ. ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ.

ಮೊದಲು ಕಥೆ. ನಮ್ಮ ಮಾವನದ್ದು ಮಲ್ಪೆ ಹತ್ರ ಸಣ್ಣ ಮೀನಂಗಡಿ. ಬೆಳಿಗ್ಗೆ ಬಂದರಿಗೆ ಹೋಗಿ ಹರಾಜಿನಲ್ಲಿ ಹಿಡಿದು ತರುತ್ತಾರೆ. ವಾಟ್ಸಾಪಿನಲ್ಲಿ ಆರ್ಡರ್ ತೆಗೆದುಕೊಂಡು ಉಡುಪಿ, ಮಣಿಪಾಲದ ಮನೆಗಳಿಗೆ ಕಳಿಸುತ್ತಾರೆ. ಈಗ ಮಳೆಗಾಲದ ನಿಷೇಧ. ಜೂನ್ 1ರಿಂದ ಜುಲೈ 31ರ ತನಕ, 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ನಾಡದೋಣಿಯವರು ತಂದದ್ದು ಬಿಟ್ಟರೆ ಅಂಗಡಿಯಲ್ಲಿ ನೊಣ ಓಡಿಸುವ ಕೆಲಸ. ಆ ಬಿಡುವಿನಲ್ಲಿ ಮಾವನಿಗೆ ಒಂದು ಆಸೆ ಹುಟ್ಟಿತು: ‘ನಮಗೂ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡು, ಆಗಸ್ಟ್ 1ಕ್ಕೆ ಶುರು ಮಾಡುವ.’ ನಾನು ಬಿಕಾಂ ಓದಿದವನು. ಪಿಎಚ್‌ಪಿ (ವೆಬ್‌ಸೈಟ್ ಬರೆಯುವ ಒಂದು ಭಾಷೆ) ಯೂಟ್ಯೂಬ್ ನೋಡಿ ಕಲಿತದ್ದು. ಹಗಲು ಬೇರೆ ಕೆಲಸ ಉಂಟು, ಇದು ಊಟ ಆದ ಮೇಲಿನದ್ದು.

ಮೀನಿನ ಲೆಕ್ಕ ಸೋಪಿನ ಹಾಗೆ ಅಲ್ಲ. ಅಂಜಲ್ ಕೆಜಿ ಲೆಕ್ಕ, ಮೇಲೆ ಕತ್ತರಿಸಿದ್ದಕ್ಕೆ ಕೆಜಿಗೆ 30 ರೂಪಾಯಿ. ಬಂಗುಡೆ ಎಣಿಕೆ ಲೆಕ್ಕ, ನೂರು ರೂಪಾಯಿಗೆ ಆರೋ ಎಂಟೋ, ಆ ದಿನದ ಹರಾಜಿನ ಮೇಲೆ. ಬೂತಾಯಿ ಕೆಜಿಯಲ್ಲೇ, ಆದರೆ ಕ್ಲೀನ್ ಮಾಡಿ ಕೊಡುವುದಿಲ್ಲ. ಕಾಣೆ ದೊಡ್ಡದಾದರೆ ಒಂದು ದರ, ಸಣ್ಣದಾದರೆ ಇನ್ನೊಂದು. ಮೊದಲು ಇದಕ್ಕೆಲ್ಲ ಇಫ್, ಎಲ್ಸ್ ಅಂತ ಬರೆದೆ. ಆಮೇಲೆ ನೋಡಿದರೆ ಸಂಜೆ ಆರು ಗಂಟೆಯ ಉಡುಪಿಯ ಕಲ್ಸಂಕ ಸರ್ಕಲ್. ಯಾರು ಎಲ್ಲಿಂದ ನುಗ್ಗುತ್ತಾರೆ ಅಂತಲೇ ಗೊತ್ತಾಗುವುದಿಲ್ಲ.

ಹಾಗಾಗಿ ಪ್ರತಿ ಮೀನಿನ ಆಬ್ಜೆಕ್ಟ್ (ಕ್ಲಾಸ್ ಎಂಬ ಅಚ್ಚಿನಿಂದ ಮಾಡಿದ ವಸ್ತು) ಒಳಗೇ, ಅದರ ಒಂದು ಪ್ರಾಪರ್ಟಿಯಲ್ಲಿ (ಬೆಲೆ ಇಡುವ ಖಾನೆ), ಅದರ ಲೆಕ್ಕದ ಫಂಕ್ಷನ್ ಇಟ್ಟುಬಿಡುವ ಅಂತ ಯೋಚನೆ ಬಂತು. ಜಾವಾಸ್ಕ್ರಿಪ್ಟಿನಲ್ಲಿ ಇದನ್ನು ಎಷ್ಟೋ ಸಲ ಮಾಡಿದ್ದೇನೆ, ತಕರಾರಿಲ್ಲದೆ ನಡೆಯುತ್ತದೆ. ಕೆಳಗಿನದ್ದು ನನ್ನ ಕೋಡು. ಕೀಬೋರ್ಡ್ ಬದಲಿಸಿ ಬದಲಿಸಿ ಸಾಕಾಯ್ತು, ಅದಕ್ಕೆ ಇಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಹಾಕಿದ್ದೇನೆ. ಕ್ಲಾಸ್, ಫಂಕ್ಷನ್, ರಿಟರ್ನ್, ದಿಸ್ ಅಂತ ಇರುವಲ್ಲಿ ಪಿಎಚ್‌ಪಿಯ ಆಯಾ ಪದ ಅಂತ ಓದಿಕೊಳ್ಳಿ. ಮೀನು, ದರ, ಲೆಕ್ಕ ಮಾತ್ರ ನನ್ನ ನಿಜವಾದ ಫೈಲಿನಲ್ಲೂ ಕನ್ನಡದಲ್ಲೇ ಇವೆ. ಪಿಎಚ್‌ಪಿ ಅದಕ್ಕೆ ಏನೂ ಅನ್ನುವುದಿಲ್ಲ.

```
ಕ್ಲಾಸ್ ಮೀನು {
    ಪಬ್ಲಿಕ್ $ಹೆಸರು;
    ಪಬ್ಲಿಕ್ $ದರ;
    ಪಬ್ಲಿಕ್ $ಲೆಕ್ಕ;
}

// ಇದು ಅಂಗಡಿ ಕ್ಲಾಸಿನ ಪಟ್ಟಿತುಂಬು() ಮೆಥಡ್ ಒಳಗೆ
$ಅಂಜಲ್ = ನ್ಯೂ ಮೀನು;
$ಅಂಜಲ್->ದರ = 900;
$ಅಂಜಲ್->ಲೆಕ್ಕ = ಫಂಕ್ಷನ್ ($ಕೆಜಿ) {
    ರಿಟರ್ನ್ $ಕೆಜಿ * $ದಿಸ್->ದರ + $ಕೆಜಿ * 30;
};

ಎಕೋ $ಅಂಜಲ್->ಲೆಕ್ಕ(2);
```

ಕೊನೆಯ ಲೈನಿಗೆ ಬಂದ ಕೂಡಲೇ ಕೆಂಪು. ‘ಕಾಲ್ ಟು ಅನ್‌ಡಿಫೈನ್ಡ್ ಮೆಥಡ್ ಮೀನು::ಲೆಕ್ಕ()’. ಅಂದರೆ ಲೆಕ್ಕ ಅಂತ ಮೆಥಡ್ (ಕ್ಲಾಸಿನೊಳಗೇ ಬರೆದ ಫಂಕ್ಷನ್) ಇಲ್ಲವಂತೆ. ವಾರ್‌ಡಂಪ್ ಮಾಡಿ (ಒಳಗೆ ಏನುಂಟು ಅಂತ ತೋರಿಸುವುದು) ನೋಡಿದೆ, ಲೆಕ್ಕದ ಒಳಗೆ ಕ್ಲೋಶರ್ (ಹೆಸರಿಲ್ಲದ ಫಂಕ್ಷನ್) ಆಬ್ಜೆಕ್ಟ್ ಆರಾಮಾಗಿ ಕೂತಿದೆ. ಕಣ್ಣೆದುರೇ ಉಂಟಲ್ಲ ಮಾರಾಯ್ರೆ! ಇದ್ದದ್ದನ್ನು ಇಲ್ಲ ಅನ್ನುವುದು ಯಾಕೆ? ಪಿಎಚ್‌ಪಿ 8.2.

---

ಕಾಪು_ಲೈಟ್‌ಹೌಸ್ | ಜುಲೈ 24, ರಾತ್ರಿ 11.52

ಬ್ರಾಕೆಟ್ ಹಾಕಿ.

```
ಎಕೋ ($ಅಂಜಲ್->ಲೆಕ್ಕ)(2);
```

ನಾಳೆ ಬೆಳಿಗ್ಗೆ ಬೇಗ ಏಳಬೇಕು, ಯಾಕೆ ಅಂತ ಬೇರೆ ಯಾರಾದರೂ ಹೇಳುತ್ತಾರೆ.

---

ಹಳೇ_ಸರ್ವರ್ (ಮಂಗಳೂರು) | ಜುಲೈ 25, ಬೆಳಿಗ್ಗೆ 7.15

ಲೈಟ್‌ಹೌಸ್ ಹೇಳಿದ್ದು ಸರಿ. ಯಾಕೆ ಅಂತ ನಾನು ಹೇಳುತ್ತೇನೆ, ಚಾ ಕುಡಿಯುವಷ್ಟು ಹೊತ್ತು ಉಂಟು.

ಮಂಗಳೂರಿನಲ್ಲಿ ಸಿಟಿ ಬಸ್ ಹತ್ತಿ ಕಂಡಕ್ಟರ್ ಹತ್ರ ‘ಒಂದು ಸ್ಟೇಟ್ ಬ್ಯಾಂಕ್’ ಅನ್ನಿ (ಇಲ್ಲಿ ಸಿಟಿ ಬಸ್‌ಸ್ಟ್ಯಾಂಡಿಗೆ ಅದೇ ಹೆಸರು). ಟಿಕೆಟ್ ಹರಿದು ಕೊಡುತ್ತಾನೆ. ನಿಮಗೆ ಬ್ಯಾಂಕಿನಲ್ಲಿ ಖಾತೆ ಉಂಟಾ ಅಂತ ಕೇಳುವುದಿಲ್ಲ. ಅದೇ ಮಾತನ್ನು ಮನೆಯಲ್ಲಿ, ಕೈಯಲ್ಲಿ ಪಾಸ್‌ಬುಕ್ ಹಿಡಿದುಕೊಂಡು ‘ಸ್ಟೇಟ್ ಬ್ಯಾಂಕಿಗೆ ಹೋಗಿ ಬರುತ್ತೇನೆ’ ಅನ್ನಿ. ಯಾರೂ ಬಸ್‌ಸ್ಟ್ಯಾಂಡ್ ಅಂದುಕೊಳ್ಳುವುದಿಲ್ಲ. ಹೆಸರು ಒಂದೇ, ಜಾಗ ಎರಡು. ಯಾವುದು ಅಂತ ತೀರ್ಮಾನ ಆಗುವುದು ನೀವು ಕೇಳಿದ ರೀತಿಯಿಂದ.

ಪಿಎಚ್‌ಪಿ ಕೂಡ ಹಾಗೇ. ಒಂದು ಕ್ಲಾಸಿನಲ್ಲಿ ಮೆಥಡ್‌ಗಳದ್ದು ಒಂದು ಪಟ್ಟಿ, ಪ್ರಾಪರ್ಟಿಗಳದ್ದು ಇನ್ನೊಂದು. ಎರಡಕ್ಕೂ ಸಂಬಂಧ ಇಲ್ಲ. ಬಾಣ, ಹೆಸರು, ಅದಕ್ಕೆ ಅಂಟಿಕೊಂಡು ಬ್ರಾಕೆಟ್ ಬಂದರೆ ಅದು ಮೆಥಡ್ ಪಟ್ಟಿಯಲ್ಲಿ ಮಾತ್ರ ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ‘ಪ್ರಾಪರ್ಟಿಯಲ್ಲಿ ಉಂಟೋ ನೋಡುವ’ ಅಂತ ಆಚೆ ಹೋಗುವುದಿಲ್ಲ. ಬ್ರಾಕೆಟ್ ಇಲ್ಲದಿದ್ದರೆ ಪ್ರಾಪರ್ಟಿ ಪಟ್ಟಿ. ನಿಮ್ಮ ಮೀನು ಕ್ಲಾಸಿನಲ್ಲಿ ಲೆಕ್ಕ ಅಂತ ಒಂದು ಪ್ರಾಪರ್ಟಿ, ಲೆಕ್ಕ ಅಂತಲೇ ಒಂದು ಮೆಥಡ್, ಎರಡನ್ನೂ ಒಟ್ಟಿಗೆ ಇಡಬಹುದು. ಜಗಳ ಆಗುವುದಿಲ್ಲ. ಜಾವಾಸ್ಕ್ರಿಪ್ಟಿನಲ್ಲಿ ಈ ಎರಡು ಪಟ್ಟಿಯೇ ಇಲ್ಲ. ಅಲ್ಲಿ ಮೆಥಡ್ ಅಂದರೆ ಫಂಕ್ಷನ್ ಹೊತ್ತುಕೊಂಡ ಪ್ರಾಪರ್ಟಿ, ಅಷ್ಟೇ. ಅಲ್ಲಿಂದ ಬಂದವರೆಲ್ಲ ಇಲ್ಲಿ ಒಮ್ಮೆ ಎಡವುತ್ತಾರೆ.

ಬ್ರಾಕೆಟ್ ಸುತ್ತಿದರೆ ಏನಾಗುತ್ತದೆ? `($ಅಂಜಲ್->ಲೆಕ್ಕ)` ಅಷ್ಟು ಮೊದಲು ಮುಗಿಯುತ್ತದೆ. ಪ್ರಾಪರ್ಟಿ ಪಟ್ಟಿಯಿಂದ ಕ್ಲೋಶರ್ ಕೈಗೆ ಬರುತ್ತದೆ. ಆಮೇಲೆ ಬಂದ `(2)` ಅದನ್ನು ಕರೆಯುತ್ತದೆ.

ಇದು ಮೊದಲಿನಿಂದ ಹೀಗೆ ಇರಲಿಲ್ಲ. ಕ್ಲೋಶರ್ ಬಂದದ್ದೇ ಪಿಎಚ್‌ಪಿ 5.3ರಲ್ಲಿ, 2009ರ ಜೂನ್. ಆಗ ಈ ರೀತಿ ಬ್ರಾಕೆಟ್ ಸುತ್ತಿದರೆ ಪಾರ್ಸ್ ಎರರ್, ಅಂದರೆ ಪಿಎಚ್‌ಪಿಗೆ ಕೋಡನ್ನು ಓದಲಿಕ್ಕೇ ಆಗುತ್ತಿರಲಿಲ್ಲ. 7.0 ಬರುವಾಗ, ಅಂದರೆ 2015ರ ಡಿಸೆಂಬರಿನಲ್ಲಿ, ವೇರಿಯಬಲ್ ಬರೆಯುವ ಕ್ರಮವನ್ನೇ ಒಂದು ನಿಯಮಕ್ಕೆ ತಂದರು, ಎಡದಿಂದ ಬಲಕ್ಕೆ ಓದುವುದು ಅಂತ. ಆ ಪ್ರಸ್ತಾವ ಬರೆದದ್ದು ನಿಕಿತಾ ಪೊಪೊವ್. ಅದರಿಂದ ನಮಗೆ ಈ ಬ್ರಾಕೆಟ್ ಸಿಕ್ಕಿತು. ಅದಕ್ಕೂ ಮೊದಲು ಎರಡು ಲೈನು ಬರೆಯಬೇಕಿತ್ತು:

```
$ಕೆಲಸ = $ಅಂಜಲ್->ಲೆಕ್ಕ;
ಎಕೋ $ಕೆಲಸ(2);
```

ಇಲ್ಲದಿದ್ದರೆ ಕಾಲ್_ಯೂಸರ್_ಫಂಕ್. ಅದಕ್ಕೆ ಮೊದಲು ಕ್ಲೋಶರ್ ಕೊಟ್ಟು, ಹಿಂದಿನಿಂದ 2 ಕೊಟ್ಟರೆ ಆಯ್ತು. ಎರಡೂ ಇವತ್ತಿಗೂ ನಡೆಯುತ್ತವೆ.

ಇದನ್ನು ಯಾಕೆ ಎಳೆಯುತ್ತಿದ್ದೇನೆ ಅಂದರೆ, ನನಗೆ ಇದರಲ್ಲಿ ಒಮ್ಮೆ ಪೆಟ್ಟು ಬಿದ್ದಿದೆ. ಒಂದು ಮದುವೆ ಹಾಲ್ ಬುಕಿಂಗ್ ಸೈಟು. ನನ್ನ ಲ್ಯಾಪ್‌ಟಾಪಿನಲ್ಲಿ 7, ಗಿರಾಕಿಯ ಸರ್ವರಿನಲ್ಲಿ 5.6. ಬ್ರಾಕೆಟ್ ಹಾಕಿದ ಒಂದೇ ಫೈಲ್ ಮೇಲೇರಿಸಿದೆ, ಇಡೀ ಸೈಟ್ ಬಿಳಿ. ಪಾರ್ಸ್ ಎರರ್ ಅಲ್ವಾ, ಆ ಫೈಲಿನ ಮೊದಲ ಲೈನ್ ಕೂಡ ಓಡುವುದಿಲ್ಲ. ಏಪ್ರಿಲ್ ತಿಂಗಳು, ಮದುವೆ ಸೀಸನ್. ಹಂಪನಕಟ್ಟೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ಮೊಬೈಲಿನಲ್ಲಿ ಎಫ್‌ಟಿಪಿ ಮಾಡಿ ಹಳೇ ಫೈಲ್ ವಾಪಸ್ ಹಾಕಿದೆ. ಮನೆಯಲ್ಲಿ ಓಡಿದರೆ ಸಾಲದು, ಸರ್ವರಿನಲ್ಲಿ ಯಾವ ವರ್ಶನ್ ಉಂಟು ಅಂತ ಮೊದಲು ನೋಡಿಕೊಳ್ಳಿ.

---

ಬೂತಾಯಿ_ಬೈಟ್ | ಜುಲೈ 25, ರಾತ್ರಿ 10.20

ಸ್ಟೇಟ್ ಬ್ಯಾಂಕ್ ಉದಾಹರಣೆ ಓದಿದ ಮೇಲೆ ಇನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ. ಬ್ರಾಕೆಟ್ ಹಾಕಿದೆ, ಎರರ್ ಹೋಯ್ತು. ಹೋಸ್ಟಿಂಗ್ ಕೂಡ 8.2, ನೋಡಿದೆ.

ಆದರೆ ಈಗ ಅದಕ್ಕಿಂತ ದೊಡ್ಡ ತಮಾಷೆ. ಮಾವನ ಎದುರು ಡೆಮೋ ಕೊಟ್ಟೆ. ಎರಡು ಕೆಜಿ ಅಂಜಲ್ ಹಾಕಿ ಬಟನ್ ಒತ್ತಿದೆ. ಬಿಲ್ಲು: 140 ರೂಪಾಯಿ.

ಮಾವ ಒಂದು ಮಾತೂ ಆಡಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ‘ಈ ರೇಟಿಗೆ ನನಗೂ ಎರಡು ಕೆಜಿ ಕಟ್ಟು’ ಅಂದರು.

1,860 ಬರಬೇಕಿತ್ತು. 900ರ ಪ್ರಕಾರ 1,800, ಕತ್ತರಿಸಿದ್ದಕ್ಕೆ 60. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ನೂರು ಸಲ ಓಡಿಸಿದರೂ 140. ಅಂಜಲಿನ ದರ ವಾರ್‌ಡಂಪ್ ಮಾಡಿದರೆ 900 ಅಂತಲೇ ತೋರಿಸುತ್ತದೆ. ಎಂತ ಕರ್ಮ ಇದು?

---

ಸುರತ್ಕಲ್_ಅಕ್ಕ | ಜುಲೈ 25, ರಾತ್ರಿ 10.48

ಒಂದು ಪ್ರಶ್ನೆ. ನಿಮ್ಮ ಅಂಗಡಿ ಕ್ಲಾಸಿನಲ್ಲೂ ‘ದರ’ ಅಂತ ಒಂದು ಪ್ರಾಪರ್ಟಿ ಉಂಟಾ? ಅದರ ಬೆಲೆ 40 ಆಗಿರಬೇಕು. 140ರಲ್ಲಿ ಕತ್ತರಿಸುವ 60 ಕಳೆದರೆ 80, ಎರಡು ಕೆಜಿಗೆ.

---

ಬೂತಾಯಿ_ಬೈಟ್ | ಜುಲೈ 25, ರಾತ್ರಿ 10.55

ಅಕ್ಕಾ! ಉಂಟು. ಮನೆಗೆ ಕಳಿಸುವ ಚಾರ್ಜು 40, ಅದಕ್ಕೆ ದರ ಅಂತ ಹೆಸರಿಟ್ಟಿದ್ದೆ. ನಿಮಗೆ ಹೇಗೆ ಗೊತ್ತಾಯ್ತು?

---

ಸುರತ್ಕಲ್_ಅಕ್ಕ | ಜುಲೈ 25, ರಾತ್ರಿ 11.30

ನೀವು ಮೊದಲ ಪೋಸ್ಟಿನ ಕಾಮೆಂಟಿನಲ್ಲಿ ಬರೆದಿದ್ದೀರಲ್ಲ, ‘ಇದು ಅಂಗಡಿ ಕ್ಲಾಸಿನ ಪಟ್ಟಿತುಂಬು ಒಳಗೆ’ ಅಂತ. ಆಗಲೇ ಅನುಮಾನ ಬಂತು. ಎಲ್ಲರೂ ಬ್ರಾಕೆಟ್ ಹಿಂದೆ ಹೋದರು, ಅದಕ್ಕೆ ಸುಮ್ನೆ ಇದ್ದೆ.

ನಾನು ಮದುವೆಯಾಗಿ ಸುರತ್ಕಲ್ಲಿಗೆ ಬಂದು ಹನ್ನೊಂದು ವರ್ಷ ಆಯ್ತು. ಇವತ್ತಿಗೂ ಬಾಯಿ ತಪ್ಪಿ ‘ನಮ್ಮ ಮನೆಯಲ್ಲಿ’ ಅಂದರೆ ಅದು ಕುಂದಾಪುರದ ಮನೆ. ಕ್ಲೋಶರ್ ಕೂಡ ಹಾಗೇ. ಅದು ಎಲ್ಲಿ ಹುಟ್ಟಿತೋ ಆ ಆಬ್ಜೆಕ್ಟನ್ನೇ `$ದಿಸ್` ಅಂತ ನೆನಪಿಟ್ಟುಕೊಳ್ಳುತ್ತದೆ. ನೀವು ಅದನ್ನು ಅಂಗಡಿಯ ಮೆಥಡ್ ಒಳಗೆ ಹುಟ್ಟಿಸಿದಿರಿ. ಆಮೇಲೆ ಅಂಜಲಿನ ಪ್ರಾಪರ್ಟಿಗೆ ಕಳಿಸಿದಿರಿ. ಮನೆ ಬದಲಾಯ್ತು, ತವರು ಬದಲಾಗಲಿಲ್ಲ. `$ದಿಸ್->ದರ` ಅಂದಾಗ ಅದು ಅಂಗಡಿಯ 40 ತಂದುಕೊಟ್ಟಿತು. ಅಂಗಡಿಯಲ್ಲಿ ದರ ಅಂತ ಇಲ್ಲದೇ ಹೋಗಿದ್ದರೆ ಕನಿಷ್ಠ ಒಂದು ವಾರ್ನಿಂಗ್ ಬರುತ್ತಿತ್ತು. ನಿಮ್ಮ ದುರದೃಷ್ಟಕ್ಕೆ ಹೆಸರು ಒಂದೇ ಆಗಿಬಿಟ್ಟಿತು.

ಜಾವಾಸ್ಕ್ರಿಪ್ಟಿನಲ್ಲಿ ಮಾಮೂಲಿ ಫಂಕ್ಷನ್ ಬರೆದರೆ ಯಾರ ಮೇಲೆ ಕರೆದರೋ ಅವರೇ ದಿಸ್. ಅದೇ ಅಭ್ಯಾಸದಲ್ಲಿ ಬರೆದದ್ದು ನೀವು. ಪಿಎಚ್‌ಪಿಯಲ್ಲಿ ಬ್ರಾಕೆಟ್ ಸುತ್ತಿ ಕರೆದರೆ ಕ್ಲೋಶರಿಗೆ ತಾನು ಅಂಜಲಿನ ಒಳಗಿಂದ ಬಂದೆ ಅಂತ ಗೊತ್ತೇ ಇರುವುದಿಲ್ಲ. 5.3ರಲ್ಲಿ ಕ್ಲೋಶರ್ ಒಳಗೆ ದಿಸ್ ಬಳಸಲಿಕ್ಕೇ ಆಗುತ್ತಿರಲಿಲ್ಲ. ತವರನ್ನು ತಾನಾಗಿ ನೆನಪಿಡುವುದು, ಬೇಕಾದರೆ ಬದಲಿಸುವುದು, ಎರಡೂ 5.4ರಿಂದ.

ಬದಲಿಸುವುದು ಹೀಗೆ:

```
$ಅಂಜಲ್->ಲೆಕ್ಕ = $ಅಂಜಲ್->ಲೆಕ್ಕ->ಬೈಂಡ್‌ಟು($ಅಂಜಲ್);
```

ಎಡಗಡೆಯ ಭಾಗ ಬಿಟ್ಟು ಬರೀ ಬೈಂಡ್‌ಟು ಅಂತ ಬರೆಯಬೇಡಿ. ಅದು ಇದ್ದ ಕ್ಲೋಶರನ್ನು ತಿದ್ದುವುದಿಲ್ಲ, ಹೊಸ ಪ್ರತಿ ಮಾಡಿ ಕೊಡುತ್ತದೆ. ಹಿಡಿದುಕೊಳ್ಳದಿದ್ದರೆ ಗಾಳಿಗೆ ಹೋಯ್ತು. 7.0ರಿಂದ ಇನ್ನೊಂದು ಉಂಟು, ಕರೆಯುವಾಗ ಮಾತ್ರ ಕಟ್ಟುವುದು:

```
ಎಕೋ $ಅಂಜಲ್->ಲೆಕ್ಕ->ಕಾಲ್($ಅಂಜಲ್, 2);
```

ಇಲ್ಲಿ ಸುತ್ತಲೂ ಬ್ರಾಕೆಟ್ ಬೇಡ, ಗಮನಿಸಿದಿರಾ? ಲೆಕ್ಕದ ಪಕ್ಕ ಬ್ರಾಕೆಟ್ ಇಲ್ಲ, ಬಾಣ ಉಂಟು. ಹಾಗಾಗಿ ಅದು ಪ್ರಾಪರ್ಟಿ. ‘ಕಾಲ್’ ಅನ್ನುವುದು ಕ್ಲೋಶರಿನ ನಿಜವಾದ ಮೆಥಡ್.

ಆದರೆ ನಾನಾದರೆ ಎರಡನ್ನೂ ಮಾಡುವುದಿಲ್ಲ. ದಿಸ್ಸನ್ನೇ ತೆಗೆದುಹಾಕಿ. ಮೀನನ್ನು ಕೈಗೇ ಕೊಟ್ಟುಬಿಡಿ:

```
$ಅಂಜಲ್->ಲೆಕ್ಕ = ಸ್ಟ್ಯಾಟಿಕ್ ಫಂಕ್ಷನ್ (ಮೀನು $ಮೀ, $ಕೆಜಿ) {
    ರಿಟರ್ನ್ $ಕೆಜಿ * $ಮೀ->ದರ + $ಕೆಜಿ * 30;
};

ಎಕೋ ($ಅಂಜಲ್->ಲೆಕ್ಕ)($ಅಂಜಲ್, 2);
```

ಸ್ಟ್ಯಾಟಿಕ್ ಅಂತ ಹಾಕಿದರೆ ಅದು ತವರನ್ನು ಹೊತ್ತುಕೊಂಡು ಬರುವುದಿಲ್ಲ. ಒಳಗೆ ಮರೆತು ದಿಸ್ ಬರೆದರೆ ಕರೆದ ಕೂಡಲೇ ಎರರ್ ಬರುತ್ತದೆ, 140ರ ಬಿಲ್ಲು ಬರುವುದಿಲ್ಲ. ಕಾಲಿಗೆ ಚುಚ್ಚಿದ ಮುಳ್ಳು ಕಂಡರೆ ಒಳ್ಳೆಯದಲ್ವಾ? ಇನ್ನೊಂದು ಲಾಭ: ಅಂಗಡಿಯೊಳಗೆ ಮೀನು, ಮೀನಿನೊಳಗೆ ಕ್ಲೋಶರ್, ಕ್ಲೋಶರಿನೊಳಗೆ ಮತ್ತೆ ಅಂಗಡಿ ಅಂತ ಒಂದು ಸುತ್ತು ಆಗುತ್ತಿತ್ತು, ಅದು ತಪ್ಪುತ್ತದೆ. ಒಂದು ಪೇಜ್ ತೋರಿಸಿ ಮುಗಿಯುವ ಸೈಟಿಗೆ ಅದು ಲೆಕ್ಕಕ್ಕಿಲ್ಲ. ಗಂಟೆಗಟ್ಟಲೆ ಓಡುವ ಸ್ಕ್ರಿಪ್ಟ್ ಆದರೆ ಮೆಮೊರಿ ಗಾರ್ಬೇಜ್ ಕಲೆಕ್ಟರ್ (ಬೇಡದ್ದನ್ನು ಗುಡಿಸುವ ಭಾಗ) ಬರುವ ತನಕ ಕಾಯುತ್ತಾ ಕೂರುತ್ತದೆ.

ಮತ್ತೆ, ಕಾರ್ಟನ್ನು ಸೆಶನ್ನಿನಲ್ಲಿ (ಪೇಜಿನಿಂದ ಪೇಜಿಗೆ ಗಿರಾಕಿಯ ಮಾಹಿತಿ ಉಳಿಸುವ ಜಾಗ) ಇಡುತ್ತೀರಿ ಅಂತಾದರೆ ಈ ಮೀನಿನ ಆಬ್ಜೆಕ್ಟ್ ಹಾಕಬೇಡಿ. ಕ್ಲೋಶರನ್ನು ಸೀರಿಯಲೈಸ್ (ಉಳಿಸಿಡುವ ಹಾಗೆ ಅಕ್ಷರಗಳ ಸಾಲು) ಮಾಡಲಿಕ್ಕೆ ಪಿಎಚ್‌ಪಿ ಬಿಡುವುದಿಲ್ಲ. ಸೆಶನ್ ಬರೆಯುವುದು ಪೇಜ್ ಎಲ್ಲ ಮುಗಿದ ಮೇಲೆ, ಹಾಗಾಗಿ ಎರರಿನಲ್ಲಿ ಲೈನ್ ನಂಬರ್ ಸೊನ್ನೆ ಅಂತ ಬರುತ್ತದೆ. ಸೊನ್ನೆಯ ಲೈನನ್ನು ಎಲ್ಲಿ ಹುಡುಕುವುದು? ಮೀನಿನ ಐಡಿ, ಎಷ್ಟು ಕೆಜಿ, ಅಷ್ಟೇ ಇಡಿ.

---

ನೀರ್‌ದೋಸೆ_404 (ಉಡುಪಿ) | ಜುಲೈ 26, ಮಧ್ಯಾಹ್ನ 1.05

ಬೇಜಾರು ಮಾಡಬೇಡಿ, ಆದರೆ ನಾಲ್ಕು ಮೀನಿಗೆ ಇಷ್ಟೆಲ್ಲ ಬೇಕಾ? ಮೀನು ಅಂತ ಒಂದು ಆ್ಯಬ್‌ಸ್ಟ್ರಾಕ್ಟ್ ಕ್ಲಾಸ್ ಮಾಡಿ. ಅಂಜಲ್, ಬಂಗುಡೆ, ಕಾಣೆ ಅದರಿಂದ ಬರುವ ಕ್ಲಾಸುಗಳು. ಒಂದೊಂದಕ್ಕೂ ಲೆಕ್ಕ ಅಂತ ನಿಜವಾದ ಮೆಥಡ್. ಆಗ ಬ್ರಾಕೆಟ್ ಗಲಾಟೆ ಇಲ್ಲ, ದಿಸ್ ಗಲಾಟೆ ಇಲ್ಲ, ಸೆಶನ್ ಗಲಾಟೆಯೂ ಇಲ್ಲ. `$ಅಂಜಲ್->ಲೆಕ್ಕ(2)` ಅಂತ ನೀವು ಮೊದಲು ಬರೆದ ಲೈನೇ ನಡೆಯುತ್ತದೆ. ಎಡಿಟರ್ ಕೂಡ ಹೆಸರು ತೋರಿಸುತ್ತದೆ. ಕ್ಲೋಶರ್ ಇಟ್ಟರೆ ಆರು ತಿಂಗಳ ನಂತರ ನಿಮಗೇ ಗೊತ್ತಾಗುವುದಿಲ್ಲ ಯಾವ ಫಂಕ್ಷನ್ ಎಲ್ಲಿ ಕೂತಿದೆ ಅಂತ.

---

ಹಳೇ_ಸರ್ವರ್ | ಜುಲೈ 26, ಮಧ್ಯಾಹ್ನ 2.30

ನೀರ್‌ದೋಸೆ ಹೇಳಿದ್ದು ಪುಸ್ತಕದ ಪ್ರಕಾರ ಸರಿ. ದೊಡ್ಡ ಟೀಮಿನಲ್ಲಿ ನಾನೂ ಹಾಗೇ ಮಾಡಿಸುತ್ತೇನೆ. ಆದರೆ ಮೀನಂಗಡಿಯಲ್ಲಿ ಲೆಕ್ಕ ಮೀನಿಗೆ ಅಂಟಿಕೊಂಡಿರುವುದಿಲ್ಲ. ಸಣ್ಣ ಬಂಗುಡೆ ರಾಶಿ ಬಿದ್ದ ದಿನ ಎಣಿಕೆ ಬಿಟ್ಟು ಕೆಜಿಗೆ ಕೊಡುತ್ತಾರೆ. ಅಂದರೆ ಅದೇ ಮೀನು, ಅವತ್ತಿನ ಮಟ್ಟಿಗೆ ಬೇರೆ ಲೆಕ್ಕ. ಕ್ಲಾಸ್ ಆದರೆ ಬಂಗುಡೆಯನ್ನು ಆ ದಿನಕ್ಕೆ ಬೂತಾಯಿ ಮಾಡಲಿಕ್ಕೆ ಆಗುತ್ತದಾ? ಪ್ರಾಪರ್ಟಿಯಲ್ಲಿ ಫಂಕ್ಷನ್ ಇದ್ದರೆ ಒಂದನ್ನು ತೆಗೆದು ಇನ್ನೊಂದು ಹಾಕಿದರಾಯ್ತು. ಕ್ಲೋಶರ್ ಇಡುವುದೇ ಹಾಗೆ ಬದಲಾಗುವುದಕ್ಕೆ. ಬದಲಾಗದ್ದಕ್ಕೆ ಇಟ್ಟರೆ ಅದು ಬರೀ ಶೋಕಿ.

ಹಾಗಂತ ಎಲ್ಲ ಕಡೆ `($ಮೀ->ಲೆಕ್ಕ)($ಮೀ, 2)` ಅಂತ ಬರೆಯುತ್ತಾ ಕೂರಬೇಡಿ, ಒಂದು ಕಡೆ ಬ್ರಾಕೆಟ್ ಮರೆತೇ ಮರೆಯುತ್ತೀರಿ. ಮೀನು ಕ್ಲಾಸಿನಲ್ಲಿ ಒಂದು ನಿಜವಾದ ಮೆಥಡ್ ಇಡಿ, ಬ್ರಾಕೆಟ್ ಅದರೊಳಗೆ ಒಂದೇ ಸಲ:

```
ಪಬ್ಲಿಕ್ ಫಂಕ್ಷನ್ ಬೆಲೆ($ಎಷ್ಟು) {
    ರಿಟರ್ನ್ ($ದಿಸ್->ಲೆಕ್ಕ)($ದಿಸ್, $ಎಷ್ಟು);
}
```

ಹೊರಗಿನಿಂದ `$ಅಂಜಲ್->ಬೆಲೆ(2)`. ಇದನ್ನೇ ಎಲ್ಲ ಪ್ರಾಪರ್ಟಿಗೂ ಆಗುವ ಹಾಗೆ `__ಕಾಲ್` ಅನ್ನುವ ಮ್ಯಾಜಿಕ್ ಮೆಥಡಿನಲ್ಲಿ ಬರೆಯಬಹುದು. ಪಟ್ಟಿಯಲ್ಲಿ ಇಲ್ಲದ ಮೆಥಡ್ ಕರೆದಾಗ ಪಿಎಚ್‌ಪಿ ಅಲ್ಲಿಗೆ ಬರುತ್ತದೆ. ನನಗೆ ಅದು ಇಷ್ಟ ಇಲ್ಲ. ಸ್ಪೆಲ್ಲಿಂಗ್ ತಪ್ಪಿದರೂ ಅದೇ ಬಾಗಿಲಿಗೆ ಬಂದು ನಿಲ್ಲುತ್ತದೆ.

ಲೆಕ್ಕ ಪ್ರಾಪರ್ಟಿಗೆ ಟೈಪ್ ಕೂಡ ಕೊಡಿ, 7.4ರಿಂದ ಆಗುತ್ತದೆ. ‘ಕಾಲೇಬಲ್’ ಅಂತ ಕೊಡಲಿಕ್ಕೆ ಬಿಡುವುದಿಲ್ಲ, ‘ಕ್ಲೋಶರ್’ ಅಂತ ಕೊಡಿ. ಆಗ ಯಾರಾದರೂ ಅಲ್ಲಿ 900 ಅಂತ ನಂಬರ್ ತುಂಬಿದರೆ ತುಂಬುವಾಗಲೇ ಸಿಕ್ಕಿಬೀಳುತ್ತಾರೆ.

---

ಬೂತಾಯಿ_ಬೈಟ್ | ಜುಲೈ 28, ರಾತ್ರಿ 12.10

ಎಲ್ಲ ಮಾಡಿದೆ. ಸ್ಟ್ಯಾಟಿಕ್, ಬೆಲೆ ಮೆಥಡ್, ಕ್ಲೋಶರ್ ಟೈಪ್. ಅಂಗಡಿಯ ದರವನ್ನು ‘ಸಾಗಾಟ’ ಅಂತ ಬದಲಿಸಿದೆ. 1,860 ಬಂತು. ಖುಷಿಯಲ್ಲಿ ಕತ್ತರಿಸುವ 30ನ್ನೂ ಒಂದು ಪ್ರಾಪರ್ಟಿ ಮಾಡಿದೆ, ಹೆಸರು ಕಟ್ಟಿಂಗ್, ಶುರುವಿನ ಬೆಲೆ ಸೊನ್ನೆ. ಅಲ್ಲಿಗೆ ಮತ್ತೆ ಶನಿ ಹತ್ತಿಕೊಂಡಿತು.

‘ಕ್ರಿಯೇಶನ್ ಆಫ್ ಡೈನಾಮಿಕ್ ಪ್ರಾಪರ್ಟಿ ಮೀನು::$ಕಟ್ಟಿಂಗ್ ಈಸ್ ಡೆಪ್ರಿಕೇಟೆಡ್’ ಅಂತೆ. ಡೈನಾಮಿಕ್ ಎಲ್ಲಿಂದ ಬಂತು? ಕ್ಲಾಸಿನಲ್ಲೇ ಬರೆದಿದ್ದೇನಲ್ಲ! ವಾರ್‌ಡಂಪಿನಲ್ಲಿ ಕಟ್ಟಿಂಗ್ ಎರಡು ಸಲ ಕಾಣುತ್ತದೆ. ಒಂದರಲ್ಲಿ 0, ಇನ್ನೊಂದರಲ್ಲಿ 30. ಅಕ್ಷರ ಅಕ್ಷರ ನೋಡಿದೆ, ಒಂದೇ. ಬಿಲ್ಲಿನಲ್ಲಿ ಕತ್ತರಿಸಿದ 60 ಇಲ್ಲ. ಕಣ್ಣು ಪರೀಕ್ಷೆ ಮಾಡಿಸಬೇಕಾ?

---

ಕಾಪು_ಲೈಟ್‌ಹೌಸ್ | ಜುಲೈ 28, ಬೆಳಿಗ್ಗೆ 6.40

ಒಂದನ್ನು ಮೊಬೈಲಿನಲ್ಲಿ, ಇನ್ನೊಂದನ್ನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದಿರಾ?

---

ಬೂತಾಯಿ_ಬೈಟ್ | ಜುಲೈ 28, ಬೆಳಿಗ್ಗೆ 6.58

ಹೌದು. ನಿನ್ನೆ ಕರೆಂಟ್ ಹೋಗಿತ್ತು, ಕ್ಲಾಸಿನ ಫೈಲ್ ಮೊಬೈಲಿನಲ್ಲಿ ತಿದ್ದಿದೆ.

---

ಕಾಪು_ಲೈಟ್‌ಹೌಸ್ | ಜುಲೈ 28, ಬೆಳಿಗ್ಗೆ 7.20

ಅದೇ. ಕನ್ನಡದಲ್ಲಿ ಒತ್ತಕ್ಷರ ಆಗದ ಹಾಗೆ ತಡೆಯಲಿಕ್ಕೆ ಒಂದು ಕಾಣದ ಅಕ್ಷರ ಇರುತ್ತದೆ, ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ. ‘ಪಿಎಚ್‌ಪಿ’ ಅಂತ ಬರೆಯುವಾಗ ಚ್ ಮತ್ತು ಪಿ ನಡುವೆ ಅದು ಬೇಕೇ ಬೇಕು. ಕೆಲವು ಕೀಬೋರ್ಡು, ಕೆಲವು ಬೆರಳು, ಅದನ್ನು ಪದದ ಕೊನೆಯ ಗ್ ಆದ ಮೇಲೂ ಹಾಕಿಬಿಡುತ್ತವೆ. ಅಲ್ಲಿ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಕಣ್ಣಿಗೆ. ಪಿಎಚ್‌ಪಿಗೆ ಒಂದೇ ಅಲ್ಲ. ಅದು ಹೆಸರನ್ನು ಬೈಟ್ ಲೆಕ್ಕದಲ್ಲಿ ನೋಡುತ್ತದೆ, ಕನ್ನಡ ಗೊತ್ತಿಲ್ಲ ಅದಕ್ಕೆ. ಕಾಣದ ಅಕ್ಷರವನ್ನೂ ಹೆಸರಿನ ಭಾಗ ಅಂತಲೇ ಒಪ್ಪಿಕೊಳ್ಳುತ್ತದೆ.

ಎರಡೂ ಹೆಸರಿನ ಉದ್ದ ನೋಡಿ, ಸ್ಟ್ರ್‌ಲೆನ್ ಹಾಕಿ. ಕಟ್ಟಿಂಗ್ ಅಂದರೆ ಎಂಟು ಯುನಿಕೋಡ್ ಚಿಹ್ನೆ, ಯುಟಿಎಫ್-8ರಲ್ಲಿ ಒಂದಕ್ಕೆ ಮೂರು ಬೈಟ್, ಒಟ್ಟು 24 ಬರಬೇಕು. ಒಂದರಲ್ಲಿ 27 ಬರುತ್ತದೆ.

8.2 ಇದ್ದದ್ದು ನಿಮ್ಮ ಪುಣ್ಯ. ಅದಕ್ಕೂ ಹಿಂದಿನದ್ದಾದರೆ ಇಲ್ಲದ ಪ್ರಾಪರ್ಟಿಗೆ ಬೆಲೆ ತುಂಬಿದರೆ ಸುಮ್ನೆ ಹೊಸದು ಹುಟ್ಟಿಸಿ ಕೂತಿರುತ್ತಿತ್ತು, ಕೆಮ್ಮುವುದೂ ಇಲ್ಲ.

---

ಬೂತಾಯಿ_ಬೈಟ್ | ಜುಲೈ 31, ರಾತ್ರಿ 9.45

27! ಅದೇ ಆಗಿತ್ತು. ಕಟ್ಟಿಂಗ್ ತೆಗೆದು ‘ಕತ್ತರಿ’ ಅಂತ ಮಾಡಿದೆ. ಇನ್ನು ಮೇಲೆ ನನ್ನ ಕೋಡಿನಲ್ಲಿ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರೇ ಇಲ್ಲ. ಪಾಪ `$ಅಂಜಲ್` ಕೂಡ ಈಗ `$ಅಂಜಲು`.

ನೀರ್‌ದೋಸೆಯವರ ಮಾತು ಪೂರ್ತಿ ಬಿಟ್ಟಿಲ್ಲ. ಲೆಕ್ಕದ ರೀತಿ ಮೂರೇ: ಕೆಜಿ, ಎಣಿಕೆ, ದೊಡ್ಡ-ಸಣ್ಣ. ಆ ಮೂರನ್ನು ‘ಲೆಕ್ಕಗಳು’ ಅಂತ ಒಂದೇ ಕ್ಲಾಸಿನಲ್ಲಿ ಸ್ಟ್ಯಾಟಿಕ್ ಮೆಥಡ್ ಮಾಡಿಟ್ಟೆ. ಪ್ರಾಪರ್ಟಿಗೆ ಹಾಕುವಾಗ `ಲೆಕ್ಕಗಳು::ಎಣಿಕೆ(...)` ಅಂತ ಮೂರು ಚುಕ್ಕಿ. 8.1ರಿಂದ ಹೀಗೆ ಬರೆದರೆ ಮೆಥಡ್ ಓಡುವುದಿಲ್ಲ, ಅದರ ಕ್ಲೋಶರ್ ಕೈಗೆ ಸಿಗುತ್ತದೆ. ಯಾವ ಫಂಕ್ಷನ್ ಎಲ್ಲಿ ಉಂಟು ಅಂತಲೂ ಗೊತ್ತಾಯ್ತು, ದಿನಕ್ಕೊಂದು ಬದಲಿಸಲಿಕ್ಕೂ ಆಯ್ತು. ಮಾವನಿಗೆ ಒಂದು ಡ್ರಾಪ್‌ಡೌನ್ ಕೊಟ್ಟಿದ್ದೇನೆ: ಬಂಗುಡೆ, ಇವತ್ತು ಕೆಜಿಯೋ ಎಣಿಕೆಯೋ.

ಸಂಜೆ ಮತ್ತೆ ಡೆಮೋ. ಎರಡು ಕೆಜಿ ಅಂಜಲ್ 1,800, ಕತ್ತರಿ 60, ಸಾಗಾಟ 40, ಒಟ್ಟು 1,900. ಮಾವ ಚೀಟಿಯಲ್ಲಿ ತಾನೂ ಕೂಡಿಸಿ ನೋಡಿದರು. ‘ಇದನ್ನು ನಾನು ಬಾಯಿಯಲ್ಲೇ ಹೇಳುತ್ತಿದ್ದೆನಲ್ಲ, ಇದಕ್ಕೆ ಒಂದು ವಾರ ಬೇಕಾಯ್ತಾ?’ ಅಂದರು. ಆಮೇಲೆ ಬಂಗುಡೆ ಹಾಕಿ ನೋಡಿದರು. ನೂರಕ್ಕೆ ಆರು, ಸರಿ ಬಂತು. ‘ಮತ್ತೆ ಕೊಸರು ಎಲ್ಲಿ?’ ಅಂತ ಕೇಳಿದರು. ಖಾಯಂ ಗಿರಾಕಿಗೆ ಆರರ ಮೇಲೆ ಒಂದು ಸುಮ್ನೆ ಹಾಕುತ್ತಾರಂತೆ. ಯಾರಿಗೆ, ಯಾವಾಗ ಅಂತ ಕೇಳಿದರೆ, ‘ಅದು ಮುಖ ನೋಡಿ ಹಾಕುವುದು’ ಅಂದರು.

ಆ ಫಂಕ್ಷನಿಗೆ ಎಂತ ಪ್ಯಾರಾಮೀಟರ್ ಕೊಡುವುದು ಅಂತ ಯೋಚಿಸುತ್ತಿದ್ದೇನೆ. ಬೆಳಿಗ್ಗೆ ನಾಲ್ಕಕ್ಕೆ ಬಂದರಿಗೆ ಹೋಗಲಿಕ್ಕುಂಟು.